ಎರೆಯುವ ನೀರು, ಎರೆಯುವ ಕೈ

ಹಿರಿಯೂರು ತಾಲ್ಲೂಕಿನ ಬಬ್ಬೂರಿನಿಂದ ತಾಯಿಯೊಬ್ಬರು ಬರೆದ ಪತ್ರ ಈ ತಿಂಗಳು ನಮ್ಮ ಕೈಸೇರಿದೆ. ಅವರ ಅತ್ತೆಯವರಿಗೆ ಎಂಬತ್ತರ ಸಮೀಪದ ವಯಸ್ಸು. ಕಳೆದ ಚಳಿಗಾಲದಲ್ಲಿ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದಂದಿನಿಂದ ಆ ಹಿರಿಯರು ಸ್ನಾನವೆಂದರೆ ಅಂಜುತ್ತಾರೆ. ಸ್ನಾನವಾಗದೆ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದಿಲ್ಲ; ಪೂಜೆಯಾಗದೆ ಬಾಯಿಗೆ ತುತ್ತಿಡುವುದಿಲ್ಲ. ಹೀಗಾಗಿ ವಾರದಲ್ಲಿ ಮೂರು ನಾಲ್ಕು ದಿನ ಮಧ್ಯಾಹ್ನ ಎರಡು ಗಂಟೆಯವರೆಗೂ ಬರಿ ಹೊಟ್ಟೆ. ರಾತ್ರಿ ನಿದ್ರೆಯಿಲ್ಲ. ಕೊಳವೆಬಾವಿಯ ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ, ಮೈಯೆಲ್ಲ ನವೆ. ಮನೆಯ ಯಜಮಾನರು ತಾಯಿಗೆ ಅನುಕೂಲವಾಗಲೆಂದು ಗ್ಯಾಸ್ ಗೀಸರ್ ತಂದು ಬಚ್ಚಲಿನಲ್ಲಿ ಹಾಕಿಸಿದ್ದಾರೆ. ಅದು ಬುಗ್ಗನೆ ಹೊತ್ತಿಕೊಳ್ಳುವ ಸದ್ದಿಗೆ ಅಜ್ಜಿ ಇನ್ನಷ್ಟು ಹೆದರುತ್ತಾರೆ. “ಗದರಿಸಿ ಸ್ನಾನ ಮಾಡಿಸಲು ಮನಸ್ಸು ಒಪ್ಪದು, ಅವರಿಚ್ಛೆಗೆ ಬಿಟ್ಟರೆ ಊಟ ಬಿಡುತ್ತಾರೆ. ಏನು ಮಾಡಲಿ ಗುರುಗಳೆ?” ಎಂದು ಆ ತಾಯಿ ಕೇಳಿದ್ದಾರೆ.

ಇದು ಒಂದು ಮನೆಯ ಮಾತಲ್ಲ. ಮುದುಕರಿರುವ ಎಷ್ಟೋ ಮನೆಗಳಲ್ಲಿ ಬೆಳಗಿನ ಜಗಳ ಬಚ್ಚಲಿನಿಂದಲೇ ಆರಂಭವಾಗುವುದನ್ನು ನಾವು ಬಲ್ಲೆವು. ನಾವು ವೈದ್ಯರಲ್ಲ, ಮಠದಲ್ಲಿ ಓದಿದವರು. ಆದರೂ ಹಳೆಯ ವೈದ್ಯಗ್ರಂಥಗಳಲ್ಲಿ ಓದಿದುದನ್ನೂ ಇಂದಿನ ವೈದ್ಯರು ಹೇಳುವುದನ್ನೂ ಜೊತೆಗಿರಿಸಿಕೊಂಡು ಈ ಸಲದ ಅಂಕಣವನ್ನು ಸ್ನಾನಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ಸೀಮೆಯ ಹೆಣ್ಣುಮಕ್ಕಳು ತಲೆಸ್ನಾನ ಮಾಡುವುದಕ್ಕೆ ‘ಎರೆದುಕೊಳ್ಳುವುದು’ ಎನ್ನುತ್ತಾರೆ. ಮಗುವಿಗೆ ಎರೆಯುತ್ತಾರೆ, ಬಾಣಂತಿಗೆ ಎರೆಯುತ್ತಾರೆ, ಮದುಮಕ್ಕಳಿಗೆ ಎರೆಯುತ್ತಾರೆ. ಎರೆಯುವುದೆಂದರೆ ಹೊಯ್ಯುವುದು. ಹೊಯ್ಯಬೇಕಾದರೆ ಇನ್ನೊಬ್ಬರ ಕೈ ಬೇಕು. ಸ್ನಾನವೆಂದರೆ ಒಬ್ಬರೇ ಬಾಗಿಲು ಹಾಕಿಕೊಂಡು ಮುಗಿಸುವ ಕೆಲಸವೆಂಬ ಭಾವನೆ ನಮ್ಮಲ್ಲಿ ಬಂದುದು ಈಚೆಗೆ, ನಲ್ಲಿಯೂ ಚಿಲಕವೂ ಬಂದ ಮೇಲೆ. ಹುಟ್ಟಿದಾಗ ಎರೆಸಿಕೊಂಡ ಜೀವಕ್ಕೆ ಮುಪ್ಪಿನಲ್ಲಿ ಮತ್ತೆ ಎರೆಯುವ ಕೈ ಬೇಕಾಗುತ್ತದೆ. ಆಗ ಮನೆಯವರು, “ನೀರು ಕಾದಿದೆ, ಹೋಗಿ ಸ್ನಾನ ಮಾಡಿ” ಎಂದು ಹೇಳಿ ತಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾರೆ. ಅಜ್ಜಿಯ ಅಂಜಿಕೆಯ ಮೂಲ ಬಹುಮಟ್ಟಿಗೆ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಇನ್ನು ಊರಿನ ನೀರಿನ ಸಂಗತಿ. ಬಬ್ಬೂರು ಹಿರಿಯೂರಿನ ಮಗ್ಗುಲ ಊರು. ಬಬ್ಬೂರುಕಮ್ಮೆ ಎಂಬ ಬ್ರಾಹ್ಮಣ ಪಂಗಡಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ ಎನ್ನುತ್ತಾರೆ. ಇಂದಿನವರಿಗೆ ‘ಬಬ್ಬೂರು ಫಾರಂ’ ಎಂದರೆ ಕೃಷಿ ಸಂಶೋಧನಾ ಕೇಂದ್ರವೇ ನೆನಪಿಗೆ ಬರುವುದು. ಕೃಷಿ ಪಂಡಿತರು ನಾಡನ್ನು ವಲಯಗಳಾಗಿ ಹಂಚಿದಾಗ ಈ ಸೀಮೆ ‘ಕೇಂದ್ರ ಒಣ ವಲಯ’ದಲ್ಲಿ ಬಂತು. ಹೆಸರೇ ಎಲ್ಲವನ್ನೂ ಹೇಳುತ್ತದೆ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದು ೧೯೦೭ರಲ್ಲಿ. ನೂರಮೂವತ್ತು ಅಡಿ ತುಂಬಿದರೆ ಕೋಡಿ ಬೀಳುವ ಆ ಜಲಾಶಯ ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಬಿದ್ದದ್ದು ಎಂಬತ್ತೊಂಬತ್ತು ವರ್ಷಗಳ ತರುವಾಯ, ೨೦೨೨ರಲ್ಲಿ. ಅನಂತರ ೨೦೨೫ರ ಜನವರಿಯಲ್ಲಿ. ಭದ್ರೆಯ ನೀರು ಈ ಕಡೆಗೆ ಹರಿದು ಬಂದುದರ ಫಲವೂ ಇದರಲ್ಲಿ ಸೇರಿದೆ. ಪತ್ರ ಬರೆದ ತಾಯಿಯ ಅತ್ತೆ ಈ ಸೀಮೆಯವರೇ ಆಗಿದ್ದರೆ, ಬಾಳಿನ ಬಹುಭಾಗವನ್ನು ಕೋಡಿ ಕಾಣದ ಕೆರೆಯ ಕೆಳಗೆ ಕಳೆದವರು. ಒಂದು ಕೊಡ ನೀರಿನ ಬೆಲೆ ಅವರಿಗೆ ಗೊತ್ತು. ತುಂತುರು ನಲ್ಲಿಯ ಕೆಳಗೆ ನಿಂತು ಹತ್ತು ನಿಮಿಷ ನೀರು ಹರಿಯಬಿಡುವ ಮೊಮ್ಮಕ್ಕಳನ್ನು ಕಂಡು ಅವರು ಗೊಣಗಿದರೆ ಅದು ಜಿಪುಣತನವಲ್ಲ.

ಈ ಮಾತಿಗೆ ಲೆಕ್ಕವೂ ಉಂಟು. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ ೧೩೫ ಲೀಟರ್ ನೀರು ಬೇಕೆಂದು ನಮ್ಮ ದೇಶದ ಎಂಜಿನಿಯರರು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ; ಅವರ ಪಠ್ಯಪುಸ್ತಕಗಳಲ್ಲಿ ಸ್ನಾನವೊಂದಕ್ಕೇ ತೆಗೆದಿರಿಸಿದ ಪಾಲು ೫೫ ಲೀಟರ್. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಮನುಷ್ಯನಿಗೆ ಗೊತ್ತುಮಾಡಿದ ಪ್ರಮಾಣವೂ ದಿನಕ್ಕೆ ೫೫ ಲೀಟರ್. ಆದರೆ ಅದು ಕುಡಿಯಲು, ಅಡುಗೆಗೆ, ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ ಎಲ್ಲಕ್ಕೂ ಸೇರಿ! ಪಟ್ಟಣಿಗನ ಮೈಮೇಲೆ ಹರಿಯುವ ನೀರಿನಲ್ಲಿ ಹಳ್ಳಿಗನ ಇಡೀ ದಿನ ಕಳೆಯಬೇಕು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಹಳ್ಳಿಯವರು ಇದರಿಂದ ಕಳೆದುಕೊಳ್ಳುವುದು ನಾವು ಊಹಿಸುವಷ್ಟಿಲ್ಲ. ಹದಿನೈದು ಲೀಟರಿನ ಒಂದು ಬಕೆಟ್ಟು, ಒಂದು ತಂಬಿಗೆ, ಕೂರಲು ಒಂದು ಮಣೆ ಇದ್ದರೆ ಒಬ್ಬ ವೃದ್ಧರ ಸ್ನಾನ ಚೆನ್ನಾಗಿಯೇ ಆಗುತ್ತದೆ. ತಲೆಗೂ ಎರೆಯುವ ದಿನ ಇನ್ನೊಂದು ಬಕೆಟ್ಟು ಬೇಕಾದೀತು.

ಸಾಬೂನು ನೊರೆಗಟ್ಟದಿರುವುದು ನೀರಿನ ಗಡಸುತನದ ಲಕ್ಷಣ. ಆಳದ ಕಲ್ಲಿನ ಪದರಗಳಿಂದ ಬರುವ ನೀರಿನಲ್ಲಿ ಸುಣ್ಣದ ಅಂಶವೂ ಮೆಗ್ನೀಷಿಯಮ್ಮಿನ ಅಂಶವೂ ಹೆಚ್ಚಾಗಿರುತ್ತದೆ. ಅವು ಸಾಬೂನಿನೊಡನೆ ಕೂಡಿ ಬಿಳಿಯ ಗಷ್ಟಾಗಿ ಮೈಗೂ ಬಕೆಟ್ಟಿನ ಅಂಚಿಗೂ ಅಂಟುತ್ತವೆ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸಾಬೂನು ಉಜ್ಜುತ್ತೇವೆ, ಆ ಗಷ್ಟು ಇನ್ನಷ್ಟು ಅಂಟುತ್ತದೆ. ವಯಸ್ಸಾದವರ ಚರ್ಮದಲ್ಲಿ ಎಣ್ಣೆಯಂಶ ಮೊದಲೇ ಕಡಿಮೆ. ಅದನ್ನೂ ಸಾಬೂನು ತೊಳೆದುಹಾಕಿದರೆ ಒಣಗಿ ಬಿರಿದು ನವೆಯಾಗುತ್ತದೆ. ಅಜ್ಜಿಗೆ ಬೇಕಾಗಿರುವುದು ಹೊಸ ಬಗೆಯ ಸಾಬೂನಲ್ಲ, ಕಡಿಮೆ ಸಾಬೂನು. ಕಂಕುಳು, ತೊಡೆಸಂದು, ಪಾದ ಇಷ್ಟಕ್ಕೆ ಮಾತ್ರ ಹಚ್ಚಿ, ಉಳಿದ ಮೈಗೆ ನುಣ್ಣನೆಯ ಕಡಲೆಹಿಟ್ಟನ್ನೋ ಹೆಸರುಹಿಟ್ಟನ್ನೋ ತೆಳ್ಳಗೆ ಕಲಸಿ ಸವರಿದರೆ ಸಾಕು. ತಲೆಗೆ ಸೀಗೆಕಾಯಿ. ಸೀಗೆಯ ನೊರೆ ಗಡಸು ನೀರಿನಲ್ಲಿಯೂ ಸಾಬೂನಿನಂತೆ ಗಷ್ಟುಗಟ್ಟುವುದಿಲ್ಲ, ಅಂಟುವಾಳವೂ ಹಾಗೆಯೆ. ನಮ್ಮ ಒಣಸೀಮೆಯ ಹೆಂಗಸರು ರಸಾಯನಶಾಸ್ತ್ರ ಓದದೆಯೂ ಇದನ್ನು ಕಂಡುಕೊಂಡಿದ್ದರು. ಪುಡಿ ಕಣ್ಣಿಗೆ ಬೀಳದಂತೆ ಎಚ್ಚರವಿರಲಿ, ಅಷ್ಟೆ. ಸ್ನಾನವಾದೊಡನೆ, ಮೈ ಇನ್ನೂ ಕೊಂಚ ತೇವವಾಗಿರುವಾಗಲೇ, ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಕೈಕಾಲಿಗೆ ಸವರಿದರೆ ಆ ತೇವ ಚರ್ಮದಲ್ಲಿ ನಿಲ್ಲುತ್ತದೆ. ಪಾದದ ಅಡಿಗೆ ಮಾತ್ರ ಹಚ್ಚಬೇಡಿ. ಒಮ್ಮೆ ಜಾರಿದವರು ಮತ್ತೆ ಜಾರಬಾರದು. ಇಷ್ಟಾದರೂ ಎರಡು ವಾರದಲ್ಲಿ ನವೆ ಇಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಮೈನವೆಗೆ ಒಳಗಿನ ಕಾರಣಗಳೂ ಇರುವುದುಂಟು.

ಚಿತ್ರದುರ್ಗ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವ ವಿಷಯ ಕೇಳಿದವರು, ಅಂಥ ನೀರಿನಲ್ಲಿ ಸ್ನಾನ ಮಾಡಬಹುದೆ ಎಂದು ಸಂದೇಹಪಡುವುದುಂಟು. ಧಾರಾಳವಾಗಿ ಮಾಡಬಹುದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡ್ ಕುಡಿಯುವ ನೀರಿಗೆ ಸಲ್ಲದು. ಹಲ್ಲಿಗೂ ಎಲುಬಿಗೂ ಕೇಡು ಮಾಡುವುದು ಹೊಟ್ಟೆಗೆ ಹೋದ ಫ್ಲೋರೈಡು, ಮೈಮೇಲೆ ಹರಿದುಹೋದದ್ದಲ್ಲ. ಕುದಿಸಿದರೆ ಅದು ಹೋಗುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಶುದ್ಧೀಕರಿಸಿದ ನೀರನ್ನು ಕುಡಿಯಲು ಅಡುಗೆಗೆ ಇಟ್ಟುಕೊಂಡು, ಕೊಳವೆಬಾವಿಯದನ್ನು ಬಚ್ಚಲಿಗೆ ಬಿಡಿ.

ನೀರಿನಿಂದಲೇ ರೋಗ ಕಳೆಯಬಹುದೆಂಬ ನಂಬಿಕೆ ಲೋಕದ ಹಲವೆಡೆ ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬವೇರಿಯದ ವ್ಯೊರಿಸ್‌ಹೋಫೆನ್ ಎಂಬ ಹಳ್ಳಿಯಲ್ಲಿ ಸೆಬಾಸ್ಟಿಯನ್ ನೈಪ್ ಎಂಬ ಕ್ರೈಸ್ತ ಪಾದ್ರಿ, ತೋಟಕ್ಕೆ ನೀರುಣಿಸುವ ಜಾರಿಯಂಥ ಪಾತ್ರೆಯಿಂದ ರೋಗಿಗಳ ಮೊಣಕಾಲಿಗೆ, ತೊಡೆಗೆ, ಬೆನ್ನಿಗೆ ತಣ್ಣೀರು ಹೊಯ್ದು ಹೆಸರಾದ. ನಮ್ಮ ತಂಬಿಗೆಯನ್ನು ನೋಡಿದ್ದರೆ ಆತ ಸಂತೋಷಪಡುತ್ತಿದ್ದನೇನೊ! ಲೈಪ್‌ಜಿಗ್‌ನ ಲೂಯಿ ಕೂನೆಯ ಕಟಿಸ್ನಾನದ ಪದ್ಧತಿ ಗಾಂಧೀಜಿಯವರನ್ನು ಸೆಳೆಯಿತು. ೧೯೦೨ರಲ್ಲಿ ಮುಂಬಯಿಯಲ್ಲಿ ಅವರ ಮಗ ಮಣಿಲಾಲ, ಹತ್ತು ವರ್ಷದ ಹುಡುಗ, ವಿಷಮಶೀತ ಜ್ವರ ನ್ಯುಮೋನಿಯಾಗಳಿಂದ ಮಲಗಿದ. ವೈದ್ಯರು ಮೊಟ್ಟೆ ಮತ್ತು ಕೋಳಿಯ ಸಾರು ಕೊಡಲು ಹೇಳಿದರು, ಗಾಂಧೀಜಿ ಒಪ್ಪಲಿಲ್ಲ. ಮೂರು ಮೂರು ನಿಮಿಷದ ಕಟಿಸ್ನಾನ ಮಾಡಿಸಿದರು, ಕಿತ್ತಳೆಯ ರಸಕ್ಕೆ ನೀರು ಬೆರೆಸಿ ಕೊಟ್ಟರು. ಜ್ವರ ಇಳಿಯದಾದಾಗ ಒದ್ದೆ ಹಿಂಡಿದ ಬಟ್ಟೆಯಲ್ಲಿ ಮಗನನ್ನು ಸುತ್ತಿ ಮೇಲೆ ಕಂಬಳಿ ಹೊದಿಸಿ, ತಳಮಳದಿಂದ ಚೌಪಾಟಿಯ ಕಡೆಗೆ ನಡೆದುಹೋದರು. ಹಿಂದಿರುಗಿ ಬಂದು ನೋಡಿದರೆ ಬೆವರೊಡೆದು ಜ್ವರ ಇಳಿಯತೊಡಗಿತ್ತು. ಆತ್ಮಕಥೆಯಲ್ಲಿ ಇದನ್ನು ಬರೆದ ಅವರು, ಮಗ ಉಳಿದದ್ದು ದೇವರ ಕೃಪೆಯಿಂದಲೊ ನೀರಿನಿಂದಲೊ ಪಥ್ಯ ಶುಶ್ರೂಷೆಗಳಿಂದಲೊ ಯಾರು ಹೇಳಬಲ್ಲರು ಎಂಬರ್ಥದ ಮಾತನ್ನೂ ಸೇರಿಸಿದ್ದಾರೆ. ಈ ಪ್ರಸಂಗವನ್ನು ಭಾಷಣಗಳಲ್ಲಿ ಉಲ್ಲೇಖಿಸುವವರು ಆ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ. ನಮಗೆ ಅದೇ ಮುಖ್ಯವೆನಿಸುತ್ತದೆ. ಅಂದು ವಿಷಮಶೀತ ಜ್ವರಕ್ಕೆ ತಕ್ಕ ಔಷಧವಿರಲಿಲ್ಲ, ಇಂದು ಇದೆ. ಆದುದರಿಂದ ನೀರನ್ನು ನೆಚ್ಚಿ ವೈದ್ಯರನ್ನು ಬಿಡುವುದು ತರವಲ್ಲ. ಪ್ರಕೃತಿ ಚಿಕಿತ್ಸೆಗೂ ಈಗ ಕ್ರಮಬದ್ಧ ವ್ಯಾಸಂಗವಿದೆ. ೧೯೮೯ರಲ್ಲಿಯೇ ಉಜಿರೆಯಲ್ಲಿ ಅದಕ್ಕೊಂದು ಕಾಲೇಜು ಆರಂಭವಾಯಿತು. ಕಟಿಸ್ನಾನ, ಒದ್ದೆಪಟ್ಟಿ ಮೊದಲಾದವನ್ನು ಅಂಥವರಿಂದ ಕಲಿತು ಮಾಡಬೇಕಲ್ಲದೆ ಪುಸ್ತಕ ನೋಡಿ ಮಾಡಬಾರದು.

ಮನೆಯಲ್ಲಿ ನಾವೇ ಮಾಡಬಹುದಾದುದು ಬೆಚ್ಚನೆಯ ನೀರಿನ ಸ್ನಾನ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಇದನ್ನು ಕುರಿತು ಹೇಳಿರುವುದು ಬಹಳ ಸೊಗಸಾಗಿದೆ. ಬಿಸಿನೀರನ್ನು ಕತ್ತಿನಿಂದ ಕೆಳಗೆ ಹೊಯ್ದುಕೊಂಡರೆ ಬಲ ಬರುವುದು, ಅದನ್ನೇ ತಲೆಗೆ ಹೊಯ್ದುಕೊಂಡರೆ ಕೂದಲಿನ ಮತ್ತು ಕಣ್ಣಿನ ಬಲ ಕುಂದುವುದು ಎಂಬುದು ಅವನ ಅಭಿಪ್ರಾಯ. ಉಂಡ ಕೂಡಲೆ, ಅಜೀರ್ಣವಾದಾಗ, ಅತಿಸಾರವಿರುವಾಗ, ನೆಗಡಿಯಾದಾಗ ಸ್ನಾನ ಬೇಡವೆಂದೂ ಅವನು ಹೇಳುತ್ತಾನೆ. ಎಣ್ಣೆ ಹಚ್ಚುವುದಾದರೆ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದಿದ್ದಾನೆ. ಕಿವಿಯೊಳಗೆ ಎಣ್ಣೆ ಬಿಡುವುದನ್ನು ಇಂದಿನ ವೈದ್ಯರು ಒಪ್ಪುವುದಿಲ್ಲವಾದ್ದರಿಂದ ಅದೊಂದನ್ನು ನಾವು ಬಿಡೋಣ.

ನಿದ್ರೆಯ ವಿಚಾರದಲ್ಲಿ ಮಾತ್ರ ಹೊಸಬರ ಶೋಧನೆ ಹಳಬರ ಅನುಭವಕ್ಕೆ ಬೆಂಬಲವಾಗಿ ಬಂದಿದೆ. ೨೦೧೯ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿ, ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ೪೦ರಿಂದ ೪೨.೫ ಡಿಗ್ರಿ ಸೆಲ್ಸಿಯಸ್ ಬಿಸುಪಿನ ನೀರಿನಲ್ಲಿ ಹತ್ತು ನಿಮಿಷದಷ್ಟು ಸ್ನಾನ ಮಾಡಿದವರಿಗೆ ನಿದ್ರೆ ಸರಾಸರಿ ಹತ್ತು ನಿಮಿಷ ಬೇಗ ಹತ್ತುವುದೆಂದು ತಿಳಿಸಿದರು. ಇದರ ಮರ್ಮ ವಿಚಿತ್ರವಾಗಿದೆ. ಬಿಸಿನೀರು ಮೈಯನ್ನು ಬಿಸಿ ಮಾಡುವುದರಿಂದ ನಿದ್ರೆ ಬರುತ್ತದೆಂದು ನಾವು ತಿಳಿಯುತ್ತೇವೆ. ನಡೆಯುವುದು ಅದಕ್ಕೆ ವಿರುದ್ಧ. ಬಿಸಿನೀರು ಬಿದ್ದಾಗ ಅಂಗೈ ಅಂಗಾಲುಗಳಿಗೆ ರಕ್ತ ಧಾವಿಸಿ, ಒಳಗಿನ ಕಾವು ಅಲ್ಲಿಂದ ಹೊರಗೆ ಹೋಗುತ್ತದೆ. ತುಸು ಹೊತ್ತಿನಲ್ಲಿ ಒಡಲು ತಣಿಯುತ್ತದೆ, ತಣಿದ ಒಡಲಿಗೆ ನಿದ್ರೆ ಬರುತ್ತದೆ. ಹೊಲದಿಂದ ಬಂದವರು ಸಂಜೆ ಬಿಸಿನೀರು ಹೊಯ್ದುಕೊಂಡು ಉಂಡು ಮಲಗುವ ನಮ್ಮ ರೈತಾಪಿ ಮನೆಗಳ ರೂಢಿಯ ಹಿಂದೆ ಇರುವುದೂ ಇದೇ. ಅಜ್ಜಿಗೆ ರಾತ್ರಿ ಪೂರ್ತಿ ಸ್ನಾನ ಬೇಕಿಲ್ಲ. ಬೋಗುಣಿಯಲ್ಲಿ ಬೆಚ್ಚನೆಯ ನೀರು ಹಾಕಿ, ಮೀನಖಂಡದವರೆಗೆ ಕಾಲು ಮುಳುಗುವಂತೆ ಹತ್ತು ನಿಮಿಷ ಕೂರಿಸಿದರೆ ಸಾಕು. ಒರೆಸುವಾಗ ಬೆರಳ ಸಂದುಗಳನ್ನು ಮರೆಯಬಾರದು. ಅವರಿಗೆ ಸಕ್ಕರೆ ಕಾಯಿಲೆಯಿದ್ದು ಪಾದಗಳು ಜೋಮುಹಿಡಿದಂತಿದ್ದರೆ ಮಾತ್ರ ಈ ಉಪಚಾರ ಬೇಡವೇ ಬೇಡ. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ನೀರು ಸುಡುವುದು ತಿಳಿಯುವುದಿಲ್ಲ. ಬೊಬ್ಬೆಯೆದ್ದ ಮೇಲೆ ಅದು ಮಾಯುವುದೂ ಇಲ್ಲ.

ಜಪಾನಿನಲ್ಲಿ ಮೂವತ್ತು ಸಾವಿರ ಜನರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯೊಂದು, ನಿತ್ಯ ತೊಟ್ಟಿಸ್ನಾನ ಮಾಡುವವರಲ್ಲಿ ಹೃದಯದ ಮತ್ತು ರಕ್ತನಾಳದ ವ್ಯಾಧಿಗಳು ಕಡಿಮೆಯೆಂದು ಹೇಳಿತು. ಅದು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗುವವರ ವಿಷಯ; ತಂಬಿಗೆ ಸ್ನಾನದ ನಮಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಅದೇ ಜಪಾನಿನಲ್ಲಿ ಚಳಿಗಾಲದಲ್ಲಿ ಬಿಸಿನೀರ ತೊಟ್ಟಿಯಲ್ಲಿ ಮೂರ್ಛೆ ಹೋಗಿ ಸಾಯುವ ವೃದ್ಧರೂ ಬಹಳ. ಬಿಸಿಗೆ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ, ಎದ್ದುನಿಂತರೆ ಕಣ್ಣು ಕತ್ತಲಿಡುತ್ತದೆ. ನಮ್ಮ ಅಜ್ಜಿಯ ಕಾಲು ಜಾರಿದ್ದೂ ಹೀಗೆಯೇ ಇದ್ದೀತು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಂತೂ ಕೂತೇ ಸ್ನಾನ ಮಾಡಿ, ಮುಗಿದ ಮೇಲೂ ಎರಡು ನಿಮಿಷ ಕೂತಿದ್ದು, ಆಮೇಲೆ ಹಿಡಿಕೆ ಹಿಡಿದು ಏಳಬೇಕು. ಮೊದಲು ತಲೆಗೆ ನೀರು ಹೊಯ್ದರೆ ಪಾರ್ಶ್ವವಾಯು ಬಡಿಯುತ್ತದೆಂಬ ಸಂದೇಶವೊಂದು ಮೊಬೈಲುಗಳಲ್ಲಿ ಸುತ್ತುತ್ತಿದೆಯಷ್ಟೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಪಾದದಿಂದ ಆರಂಭಿಸುವುದು ಒಳ್ಳೆಯದೇ, ಆದರೆ ಕಾರಣ ಬೇರೆ: ಮೈಗೆ ಬೆಚ್ಚನ್ನೋ ತಣ್ಣನ್ನೋ ಅಷ್ಟಷ್ಟಾಗಿ ಪರಿಚಯವಾಗುತ್ತದೆ, ಉಸಿರು ಹಿಡಿದಂತಾಗುವುದಿಲ್ಲ.

ಗೀಸರಿನ ಮಾತನ್ನು ಪತ್ರದಲ್ಲಿ ಓದಿದಾಗಲೇ ನಮಗೆ ಕಳವಳವಾಯಿತು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲೇಕೂಡದು. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಹೊತ್ತಿದರೆ ಗಾಳಿ ಸಾಲದೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕೈಕಾಲು ಸೋತು, ಚಿಲಕ ತೆಗೆಯುವ ಶಕ್ತಿಯೂ ಉಡುಗುತ್ತದೆ. ನಮ್ಮ ನಾಡಿನಲ್ಲಿಯೇ ತಾಯಿಮಕ್ಕಳು, ಹೊಸದಾಗಿ ಮದುವೆಯಾದವರು ಹೀಗೆ ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಯಜಮಾನರು ನಾಳೆಯೇ ಅದನ್ನು ಕಳಚಿಸಿ, ಹೊರಗೋಡೆಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸಿ ಕೊಳವೆಯ ಮೂಲಕ ನೀರು ಮಾತ್ರ ಒಳಗೆ ಬರುವಂತೆ ಮಾಡಿಸಲಿ. ಅಷ್ಟರವರೆಗೆ ಹಂಡೆ ಒಲೆಯೇ ಇರಲಿ. ಅದರ ಹೊಗೆಯೂ ಹೊರಗೆ ಹೋಗುವಂತಿರಬೇಕು, ಕೆಂಡವನ್ನು ಒಳಗೆ ತರಬಾರದು. ನೀರಿನಲ್ಲಿ ಇಳಿಬಿಡುವ ವಿದ್ಯುತ್ ಸಲಾಕೆ ಬಳಸುವವರು ಗುಂಡಿ ಆರಿಸಿ, ಪ್ಲಗ್ ಕಿತ್ತಮೇಲೆಯೇ ಬಕೆಟ್ಟನ್ನು ಮುಟ್ಟತಕ್ಕದ್ದು.

ಅಜ್ಜಿಯ ಅಂಜಿಕೆ ಒಂದರ್ಥದಲ್ಲಿ ಮನೆಯವರನ್ನೆಲ್ಲ ಕಾಪಾಡಿದೆ ಎನ್ನಬೇಕು.

ನೀರಿನ ಬಿಸಿಯ ಹದವನ್ನು ಎರೆಯುವವರು ತಮ್ಮ ಮೊಣಕೈ ಅದ್ದಿ ನೋಡಬೇಕು. ದುಡಿದು ಕಡುಸಾದ ಅಂಗೈ ಇದಕ್ಕೆ ನಂಬುಗೆಯಲ್ಲ. ೬೦ ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಸುಟ್ಟುಬಿಡುತ್ತದೆ. ಮುದುಕರ ಮತ್ತು ಹಸುಗೂಸುಗಳ ಚರ್ಮವನ್ನು ಅದಕ್ಕೂ ಬೇಗ. ಬಕೆಟ್ಟಿಗೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು ಎಂಬ ಕ್ರಮ ಮನೆಯ ಮಕ್ಕಳಿಗೂ ರೂಢಿಯಾಗಲಿ. ಹಸುಗೂಸುಗಳ ಮಾತು ಬಂದುದರಿಂದ ಎರಡೇ ಮಾತು. ಹುಟ್ಟಿದ ಮಗುವಿಗೆ ಮೊದಲ ಇಪ್ಪತ್ನಾಲ್ಕು ಗಂಟೆ ಸ್ನಾನ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರೆಯುವ ಅಜ್ಜಿಯರು ಮೂಗಿಗೆ ಎಣ್ಣೆ ಬಿಡುವುದನ್ನೂ ಸಾಂಬ್ರಾಣಿ ಹೊಗೆ ಹಾಕುವುದನ್ನೂ ನಿಲ್ಲಿಸಬೇಕು. ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎರೆಯುವ ಅವರ ಜಾಣತನವನ್ನು ಮಾತ್ರ ಹೊಸ ತಾಯಂದಿರು ಕಲಿತಿಟ್ಟುಕೊಳ್ಳಲಿ.

ಇನ್ನು ಪೂಜೆಯ ಪ್ರಶ್ನೆ. ಪತ್ರದಲ್ಲಿ ನಮ್ಮನ್ನು ಬಹಳ ಹೊತ್ತು ಚಿಂತೆಗೀಡುಮಾಡಿದ್ದು ಇದೇ. ಶರಣರು ಪಂಚಸೂತಕಗಳನ್ನು ಅಲ್ಲಗಳೆದರು, ನೀರು ಕಂಡಲ್ಲಿ ಮುಳುಗುವವರನ್ನು ಬಸವಣ್ಣನವರು ಹಾಸ್ಯ ಮಾಡಿದರು ಎಂದು ಅಜ್ಜಿಯ ಮುಂದೆ ವಾದಿಸಬಹುದು. ಆದರೆ ಅರವತ್ತು ವರ್ಷ ಬೆಳಗಾಗೆದ್ದು ಮಿಂದು ಮಡಿಯುಟ್ಟು ಲಿಂಗವನ್ನು ಅಂಗೈಯಲ್ಲಿ ಹಿಡಿದ ಜೀವಕ್ಕೆ ವಾದ ಹಿಡಿಸುವುದಿಲ್ಲ. ಸೊಸೆಯ ಬಾಯಿಂದ ಬಂದರೆ ಇನ್ನೂ ಹಿಡಿಸುವುದಿಲ್ಲ. ಆದುದರಿಂದ ಅವರಿಗೆ ಒಪ್ಪುವ ದಾರಿಯಿಂದಲೇ ಹೋಗೋಣ. ಶಾಸ್ತ್ರಕಾರರು ಸ್ನಾನವನ್ನು ಒಂದೇ ಬಗೆಯೆಂದು ಎಣಿಸಲಿಲ್ಲ. ನೀರಿನಿಂದ ಆಗುವುದು ವಾರುಣಸ್ನಾನ. ಭಸ್ಮಧಾರಣೆಯಿಂದ ಆಗುವುದು ಆಗ್ನೇಯಸ್ನಾನ. ಹಟ್ಟಿಗೆ ಮರಳುವ ಗೋವುಗಳ ಧೂಳಿನಿಂದ ಆಗುವುದು ವಾಯವ್ಯ, ಬಿಸಿಲು ಕಾಯುತ್ತಿರುವಾಗಲೇ ಬೀಳುವ ಮಳೆಯಿಂದ ಆಗುವುದು ದಿವ್ಯ. ಮಂತ್ರದಿಂದ ಮಾಂತ್ರ, ಧ್ಯಾನದಿಂದ ಮಾನಸ. ಕಾಯಿಲೆಯವರನ್ನೂ ಕೈಲಾಗದವರನ್ನೂ ನೆನೆದೇ ಹಿರಿಯರು ಈ ವಿಭಾಗ ಮಾಡಿದರೆಂದು ನಮ್ಮ ನಂಬುಗೆ. ವಿಭೂತಿಯಂತೂ ನಮ್ಮ ಅಷ್ಟಾವರಣಗಳಲ್ಲಿ ಒಂದು.

ಅಮ್ಮ, ಈ ನಾಲ್ಕು ಮಾತನ್ನು ನಿಮಗೇ ಹೇಳುತ್ತಿದ್ದೇವೆ. ನಿಮ್ಮ ಸೊಸೆ ಓದಿ ಹೇಳಲಿ. ಮುಖ, ಕೈ, ಕಾಲು ತೊಳೆದು, ಒಗೆದ ಸೀರೆಯುಟ್ಟು, ವಿಭೂತಿ ಧರಿಸಿದರೆ ನಿಮ್ಮ ಸ್ನಾನ ಆಯಿತು. ಆ ದಿನದ ಪೂಜೆಗೆ ಯಾವ ಕೊರತೆಯೂ ಇಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಪೂಜೆ ಮುಗಿಸಿ ಬಿಸಿ ಮುದ್ದೆ ಉಣ್ಣಿ. ಲಿಂಗಯ್ಯ ನಿಮ್ಮ ಅಂಗೈಯಲ್ಲಿ ಇರುವಾಗ ನೀವು ಹಸಿದಿರಬಾರದು. ನಮ್ಮ ಮಾತು ಸಾಲದೆನಿಸಿದರೆ ನಿಮ್ಮ ಮನೆಗೆ ಬರುವ ಅಯ್ಯನವರನ್ನು ಕೇಳಿ. ಅವರೂ ಇದನ್ನೇ ಹೇಳಿಯಾರು.

ಸೊಸೆಯವರು ಮಾಡಬೇಕಾದ ಕೆಲಸ ಇಷ್ಟು. ವೃದ್ಧರಿಗೆ ಪೂರ್ತಿ ಸ್ನಾನ ವಾರಕ್ಕೆ ಎರಡು ಮೂರು ಸಲ ಆದರೆ ಸಾಕೆಂದು ವೈದ್ಯರು ಹೇಳುತ್ತಾರೆ. ಉಳಿದ ದಿನ ಒದ್ದೆಬಟ್ಟೆಯಿಂದ ಮುಖ, ಕಂಕುಳು, ಕೆಳಮೈ ಒರೆಸಿದರಾಯಿತು. ಸ್ನಾನದ ದಿನ ನಸುಕಿಗೆ ಅವಸರಪಡಿಸದೆ, ಬಿಸಿಲೇರಿದ ಮೇಲೆ ಹತ್ತು ಹನ್ನೊಂದರ ಹೊತ್ತಿಗೆ ಇಟ್ಟುಕೊಳ್ಳಿ. ಬಚ್ಚಲಿನ ನೆಲದ ಪಾಚಿಯನ್ನು ಹಿಂದಿನ ದಿನವೇ ಉಜ್ಜಿ ತೆಗೆದು, ಜಾರದ ರಬ್ಬರಿನ ಚಾಪೆ ಹಾಸಿ. ಗೋಡೆಗೆ ಗಟ್ಟಿಯಾದ ಕಬ್ಬಿಣದ ಹಿಡಿಕೆಯೊಂದನ್ನು ಯಜಮಾನರಿಂದ ಹಾಕಿಸಿ. ನಲ್ಲಿಯನ್ನು ಹಿಡಿದು ಏಳುವ ಅಭ್ಯಾಸ ಅಪಾಯ. ತಗ್ಗಿನ ಮಣೆ ಬೇಡ, ಕಾಲು ಅಲುಗದ ಎತ್ತರದ ಪೀಠವಿರಲಿ. ಬಾಗಿಲಿಗೆ ಒಳಚಿಲಕ ಹಾಕಬೇಡಿ, ಪರದೆ ಇಳಿಬಿಡಿ. ಎಂಬತ್ತರ ಹೆಂಗಸಿಗೂ ನಾಚಿಕೆಯಿರುತ್ತದೆಂಬುದನ್ನು ನೆನಪಿಟ್ಟು, ಹೆಗಲ ಮೇಲೊಂದು ಒಣ ವಸ್ತ್ರ ಹೊದಿಸಿ, ತೊಳೆಯುವ ಭಾಗವನ್ನು ಮಾತ್ರ ಸರಿಸುತ್ತ ಹೋಗಿ. ಒರೆಸುವ ಬಟ್ಟೆಯನ್ನು ಮೊದಲೇ ಬಿಸಿಲಿಗೆ ಹಾಕಿಟ್ಟರೆ ಬೆಚ್ಚಗಿರುತ್ತದೆ. ಮೊದಲ ದಿನ ತಲೆಗೆ ಎರೆಯಲು ಹೋಗಬೇಡಿ. ತಂಬಿಗೆಯನ್ನು ಅವರ ಕೈಗೇ ಕೊಟ್ಟು, ಮೊದಲ ನೀರನ್ನು ಅವರೇ ತಮ್ಮ ಪಾದಕ್ಕೆ ಹೊಯ್ದುಕೊಳ್ಳಲಿ. ಅವರು ಸಾಕು ಅಂದರೆ ಆ ದಿನಕ್ಕೆ ಸಾಕು.